ಪಟ್ಟಿಯಲ್ಲಿ ಯಾರ ಪಕ್ಕ ಯಾರು

2024ರ ಜುಲೈ 30ರ ನಸುಕಿಗೆ ಮುನ್ನ, ವಯನಾಡು ಜಿಲ್ಲೆಯ ವೈತಿರಿ ತಾಲೂಕಿನ ಪುಂಚಿರಿಮಟ್ಟದ ಮೇಲಿನ ಬೆಟ್ಟ ಕುಸಿಯಿತು. ಮಣ್ಣು, ಬಂಡೆ, ಬುಡಸಮೇತ ಕಿತ್ತುಬಂದ ಮರಗಳು ಒಂದಾಗಿ ಮುಂಡಕ್ಕೈ ಮತ್ತು ಚೂರಲ್‌ಮಲ ಊರುಗಳ ಮೇಲೆ ಹರಿದವು. ಎಷ್ಟೋ ದೇಹಗಳು ಹೊಳೆಯಲ್ಲಿ ಕೊಚ್ಚಿಹೋಗಿ, ಚಾಲಿಯಾರ್ ನದಿಯ ಉದ್ದಕ್ಕೂ, ಪಕ್ಕದ ಮಲಪ್ಪುರಂ ಜಿಲ್ಲೆಯ ನಿಲಂಬೂರಿನ ಕಡೆ ಸಿಕ್ಕವು. ಸೇನೆ 190 ಅಡಿಯ ಬೈಲಿ ಸೇತುವೆ ಕಟ್ಟಿತು, ಸಾವಿರಾರು ಜನ ಮಣ್ಣು ಬಗೆದರು. ಇವೆಲ್ಲವನ್ನೂ ನಾವು ಟಿವಿಯಲ್ಲಿ ನೋಡಿದ್ದೇವೆ. ಕ್ಯಾಮೆರಾಕ್ಕೆ ಸಿಗದ ಇನ್ನೊಂದು ಕೆಲಸ ಅದೇ ದಿನಗಳಲ್ಲಿ ಮೇಪ್ಪಾಡಿಯಲ್ಲೂ ಕಲ್ಪೆಟ್ಟದಲ್ಲೂ ಹಗಲಿರುಳು ನಡೆಯಿತು. ಆ ರಾತ್ರಿ ಆ ಊರುಗಳಲ್ಲಿ ಯಾರ್ಯಾರು ಮಲಗಿದ್ದರು ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ಅದು.

ಕೇಳಲು ಸರಳವಾದ ಪ್ರಶ್ನೆ. ಆದರೆ ಉತ್ತರ ಹೇಳಬೇಕಾದ ಮನೆಗಳೇ ಇರಲಿಲ್ಲ. ಮನೆಯ ಕಪಾಟಿನಲ್ಲಿದ್ದ ಕಾಗದಗಳಿರಲಿಲ್ಲ. ಕೆಲವು ಕಡೆ, ಪಕ್ಕದ ಮನೆಯಲ್ಲಿ ಯಾರಿದ್ದರು ಎಂದು ಹೇಳಬಲ್ಲ ನೆರೆಯವರೂ ಉಳಿದಿರಲಿಲ್ಲ. ಹಾಗಾಗಿ ಜಿಲ್ಲಾಡಳಿತ ಬೇರೆ ಬೇರೆ ಕಡೆ ಇದ್ದ ಪಟ್ಟಿಗಳನ್ನು ತರಿಸಿಕೊಂಡು ಒಂದರ ಪಕ್ಕ ಒಂದನ್ನು ಇಟ್ಟಿತು. ರೇಷನ್ ಕಾರ್ಡಿನ ಪಟ್ಟಿ, ಮತದಾರರ ಪಟ್ಟಿ, ಹೊರರಾಜ್ಯದ ಕಾರ್ಮಿಕರ ಮಾಹಿತಿ ಇತ್ಯಾದಿ. ಆ ಒಟ್ಟು ಪಟ್ಟಿಯಿಂದ ಪರಿಹಾರ ಶಿಬಿರಗಳಲ್ಲಿದ್ದವರು, ಆಸ್ಪತ್ರೆಯಲ್ಲಿದ್ದವರು, ನೆಂಟರ ಮನೆ ಸೇರಿದವರು, ಮೃತರೆಂದು ಗುರುತಿಸಲಾದವರ ಹೆಸರುಗಳನ್ನು ಒಂದೊಂದಾಗಿ ತೆಗೆಯುತ್ತಾ ಹೋದರು. ಆಗಸ್ಟ್ ಮೊದಲ ವಾರ ಮುಗಿಯುವಷ್ಟರಲ್ಲಿ 138 ಮಂದಿಯ ಕಾಣೆಯಾದವರ ಕರಡು ಪಟ್ಟಿ ಹೊರಬಂತು. ಗೊತ್ತಿದ್ದವರು ತಿದ್ದುಪಡಿ ಹೇಳಿ ಎಂದು ಜನರನ್ನು ಕೇಳಿದರು. ಮುಂದಿನ ದಿನಗಳಲ್ಲಿ ಆ ಸಂಖ್ಯೆ ಇಳಿಯುತ್ತಾ ಬಂತು.

ಬೇರೆ ಬೇರೆ ಮೂಲಗಳ ದಾಖಲೆಗಳನ್ನು ತಂದು, ಒಂದು ರೂಪಕ್ಕೆ ಇಳಿಸಿ, ಒಂದೇ ಪಟ್ಟಿ ಮಾಡುವುದಕ್ಕೆ ಕಂಪ್ಯೂಟರ್ ಲೋಕದಲ್ಲಿ ಡೇಟಾ ಇಂಟಿಗ್ರೇಶನ್ ಎನ್ನುತ್ತಾರೆ. ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಇಲಾಖೆಗಳು ಇದಕ್ಕೆಂದೇ ತಂತ್ರಾಂಶ ಇಟ್ಟುಕೊಂಡಿವೆ. ಇನ್ಫಾರ್ಮ್ಯಾಟಿಕಾ, ಟ್ಯಾಲೆಂಡ್, ಪೆಂಟಾಹೋ, ಮೈಕ್ರೋಸಾಫ್ಟ್‌ನ ಎಸ್‌ಎಸ್‌ಐಎಸ್ ಅವುಗಳಲ್ಲಿ ಕೆಲವು. ಎಲ್ಲದರಲ್ಲೂ 'ಸಾರ್ಟ್' ಎಂಬ ಒಂದು ಪುಟ್ಟ ಚೌಕ ಇರುತ್ತದೆ. ದಾಖಲೆಗಳು ಅದರೊಳಗೆ ಅಡ್ಡಾದಿಡ್ಡಿಯಾಗಿ ಹೋಗಿ ಸಾಲು ಹಿಡಿದು ಹೊರಗೆ ಬರುತ್ತವೆ. ಯಾವ ಕಾಲಂ ನೋಡಿ ಸಾಲು ಹಿಡಿಸಬೇಕೋ ಅದಕ್ಕೆ 'ಕೀ' ಎಂದು ಹೆಸರು. ಒಂದು ಕೀ ಸಾಲದಿದ್ದರೆ ಎರಡು, ಮೂರು, ಎಷ್ಟು ಬೇಕಾದರೂ ಕೊಡಬಹುದು. ತರಬೇತಿಯಲ್ಲಿ ಈ ಚೌಕಕ್ಕೆ ಹತ್ತು ನಿಮಿಷ ಸಿಗುವುದೂ ಕಷ್ಟ. ಪಟ್ಟಿಯನ್ನು ಓದಲು ಅಚ್ಚುಕಟ್ಟಾಗಿಸುವ ಅಲಂಕಾರ ಎಂದೇ ಬಹಳ ಮಂದಿ ತಿಳಿದಿದ್ದಾರೆ. ನನ್ನ ಮಟ್ಟಿಗೆ ಇಡೀ ಕೆಲಸದ ನ್ಯಾಯ ಅನ್ಯಾಯ ತೀರ್ಮಾನವಾಗುವುದೇ ಅಲ್ಲಿ. ಯಾರ ಪಕ್ಕ ಯಾರ ಹೆಸರು ಬಂದು ನಿಲ್ಲುತ್ತದೆ ಎಂಬುದರ ಮೇಲೆ ಯಾರು ಎರಡು ಸಲ ಎಣಿಕೆಯಾಗುತ್ತಾರೆ, ಯಾರು ಎಣಿಕೆಯಿಂದಲೇ ಬಿಟ್ಟುಹೋಗುತ್ತಾರೆ ಎಂಬುದು ನಿಂತಿದೆ.

ಹಲವು ಕೀಗಳ ಜೋಡಣೆ ನಮಗೆ ಹೊಸದೇನಲ್ಲ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್ ಕೋಡ್ ಅದೇ. ಆರು ಅಂಕಿಗಳ ಆ ಸಂಖ್ಯೆಯಲ್ಲಿ ಮೊದಲನೆಯದು ದೇಶದ ವಲಯ, ಎರಡನೆಯದು ಉಪವಲಯ, ಮೂರನೆಯದು ಅಂಚೆ ವಿಂಗಡಣೆಯ ಜಿಲ್ಲೆ, ಕೊನೆಯ ಮೂರು ಅಂಚೆ ಕಚೇರಿ. ಎಡದಿಂದ ಬಲಕ್ಕೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ನಾಲ್ಕು ಕೀಗಳನ್ನು ಒಂದೇ ಸಂಖ್ಯೆಯಲ್ಲಿ ಹೊಸೆದಿದ್ದಾರೆ. ಈಗ ವಯನಾಡಿನ ಪಿನ್ ಕೋಡುಗಳನ್ನು ನೋಡಿ. ಕಲ್ಪೆಟ್ಟ 673121, ಮೇಪ್ಪಾಡಿ 673577, ಮಾನಂದವಾಡಿ 670645. ಒಂದೇ ಜಿಲ್ಲೆಯಲ್ಲಿ ಒಂದು ಭಾಗ 673ರಲ್ಲಿ, ಇನ್ನೊಂದು 670ರಲ್ಲಿ. ಕಾರಣ ಇತಿಹಾಸದಲ್ಲಿದೆ. ವಯನಾಡು ಜಿಲ್ಲೆ ಹುಟ್ಟಿದ್ದು 1980ರ ನವೆಂಬರ್ 1ರಂದು. ಅದಕ್ಕೆ ಮುನ್ನ ಉತ್ತರ ವಯನಾಡು ಕಣ್ಣೂರು ಜಿಲ್ಲೆಗೂ ದಕ್ಷಿಣ ವಯನಾಡು ಕೋಳಿಕ್ಕೋಡಿಗೂ ಸೇರಿದ್ದವು. ಪಿನ್ ಕೋಡ್ ಆ ಹಳೆಯ ಗಡಿಯನ್ನು ಇಂದಿಗೂ ಹೊತ್ತು ತಿರುಗುತ್ತಿದೆ. ಕೇರಳದ ವಿಳಾಸಗಳನ್ನು ಪಿನ್ ಕೋಡ್ ಪ್ರಕಾರ ಜೋಡಿಸಿದರೆ ಮಾನಂದವಾಡಿಗೂ ಕಲ್ಪೆಟ್ಟಕ್ಕೂ ನಡುವೆ ನಮ್ಮ ಕಾಸರಗೋಡು, ಅಂದರೆ 671121, ಬಂದು ಕೂರುತ್ತದೆ. ಭೂಮಿಯ ಮೇಲೆ ಅಕ್ಕಪಕ್ಕ ಇರುವ ಊರುಗಳು ಪಟ್ಟಿಯಲ್ಲಿ ದೂರವಾದವು, ದೂರದ ಊರು ನಡುವೆ ಬಂತು. ಇದರಲ್ಲಿ ಯಂತ್ರದ ತಪ್ಪಿಲ್ಲ. ಕೊಟ್ಟ ಕೀಯನ್ನು ಅದು ನಿಷ್ಠೆಯಿಂದ ಪಾಲಿಸಿದೆ. ಜಿಲ್ಲೆಯನ್ನು ಮೊದಲ ಕೀ ಮಾಡಿ ಪಿನ್ ಕೋಡನ್ನು ಎರಡನೆಯದಾಗಿ ಇಟ್ಟಿದ್ದರೆ ವಯನಾಡು ಒಂದಾಗಿಯೇ ಉಳಿಯುತ್ತಿತ್ತು.

ಮೊದಲ ಕೀಗೆ ಇರುವ ಅಧಿಕಾರ ಅಂಥದ್ದು. ಎರಡನೆಯ ಕೀಯ ಮಾತು ನಡೆಯುವುದು ಮೊದಲ ಕೀ ಸಮನಾದಾಗ ಮಾತ್ರ. ಮೂರನೆಯದಕ್ಕೆ ಬಾಯಿ ಬರುವುದು ಮೊದಲೆರಡೂ ಸಮನಾದಾಗ. ದುರಂತಕ್ಕೆ ತುತ್ತಾದದ್ದು ಮೇಪ್ಪಾಡಿ ಪಂಚಾಯಿತಿಯ ಮೂರು ವಾರ್ಡುಗಳು: 10ನೆಯ ಅಟ್ಟಮಲ, 11ನೆಯ ಮುಂಡಕ್ಕೈ, 12ನೆಯ ಚೂರಲ್‌ಮಲ. ಪಟ್ಟಿಯನ್ನು ವಾರ್ಡು, ಮನೆ ಸಂಖ್ಯೆ, ಹೆಸರು ಎಂಬ ಕ್ರಮದಲ್ಲಿ ಜೋಡಿಸಿದರೆ ಒಂದು ಮನೆಯವರೆಲ್ಲ ಒಟ್ಟಿಗೆ ಬರುತ್ತಾರೆ. ಆಗ ಊರಿನವರೊಬ್ಬರು ಓದಿ, ಈ ಮನೆಯಲ್ಲಿ ಅಜ್ಜಿಯ ಹೆಸರು ಬಿಟ್ಟಿದೆ ಎನ್ನಬಲ್ಲರು. ಅದೇ ಪಟ್ಟಿಯನ್ನು ಹೆಸರು, ವಾರ್ಡು, ಮನೆ ಎಂದು ಜೋಡಿಸಿದರೆ ಮನೆಗಳು ಚದುರಿಹೋಗುತ್ತವೆ. ಆದರೆ ಎರಡು ವಾರ್ಡುಗಳಲ್ಲಿ ಎರಡು ಸಲ ಬರೆಸಿಕೊಂಡ ಒಬ್ಬರೇ ವ್ಯಕ್ತಿ ಅಕ್ಕಪಕ್ಕದ ಸಾಲಿನಲ್ಲಿ ಸಿಕ್ಕಿಬೀಳುತ್ತಾರೆ. ಮೊದಲ ಜೋಡಣೆ ಬಿಟ್ಟುಹೋದವರನ್ನು ತೋರಿಸುತ್ತದೆ, ಎರಡನೆಯದು ಎರಡು ಸಲ ಬಂದವರನ್ನು. ಹಾಗಾಗಿ ಒಂದೇ ಕ್ರಮದಲ್ಲಿ ನೋಡಿ ಪಟ್ಟಿ ಸರಿಯಿದೆ ಎನ್ನುವುದು ಅರ್ಧ ಪರೀಕ್ಷೆ.

ಚಹಾ ತೋಟದ ಊರುಗಳಲ್ಲಿ ಇನ್ನೊಂದು ತೊಡಕಿದೆ. ತೋಟದ ಲೈನ್ ಮನೆಗಳಿಗೆ ವಯನಾಡಿನಲ್ಲಿ 'ಪಾಡಿ' ಎನ್ನುತ್ತಾರೆ. ಪಾಡಿಯಲ್ಲಿರುವವರು ಮನೆಯ ಮಾಲೀಕರಲ್ಲ, ಮನೆ ಕಂಪನಿಯದು. ಒಂದೇ ಸೂರಿನ ಕೆಳಗೆ ಸಾಲಾಗಿ ಹಲವು ಕುಟುಂಬ. ಮನೆ ಸಂಖ್ಯೆಯೇ ಮುಖ್ಯ ಕೀ ಎಂದು ಹಿಡಿದರೆ ಇವರು ಗೋಜಲಾಗುತ್ತಾರೆ. ರೇಷನ್ ಕಾರ್ಡ್ ಸಂಖ್ಯೆಯನ್ನು ಹಿಡಿದರೆ ಕುಟುಂಬಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಯಾವುದನ್ನು ಮೊದಲಿಡಬೇಕೆಂದು ತಂತ್ರಾಂಶ ಹೇಳಲಾರದು. ಪಾಡಿ ಎಂದರೇನೆಂದು ಬಲ್ಲವರು ಹೇಳಬೇಕು.

ಇನ್ನು ಅಂಕಿಗಳ ವಿಷಯ. ಟ್ಯಾಲೆಂಡ್‌ನ ಸಾರ್ಟ್ ಚೌಕದಲ್ಲಿ ಪ್ರತಿ ಕೀಗೂ ಮೂರು ಮಾತು ಹೇಳಬೇಕು: ಯಾವ ಕಾಲಂ, ಸಂಖ್ಯೆಯೋ ಅಕ್ಷರವೋ ದಿನಾಂಕವೋ, ಏರಿಕೆಯೋ ಇಳಿಕೆಯೋ. ನಡುವಿನ ಪ್ರಶ್ನೆಯೇ ಎಡವಟ್ಟಿನ ಮೂಲ. ವಾರ್ಡು ಸಂಖ್ಯೆಯನ್ನು ಅಕ್ಷರವೆಂದು ಹೇಳಿದರೆ ಯಂತ್ರ 1, 10, 11, 12 ಎಂದು ಹೋಗಿ, 19 ಆದ ಮೇಲೆ 2ಕ್ಕೆ ಬರುತ್ತದೆ. ನಮ್ಮ ರೈತರು ಇದನ್ನು ಪಹಣಿಯಲ್ಲೇ ನೋಡಬಹುದು. ಸರ್ವೆ ನಂಬರು 45ರ ಹಿಸ್ಸಾಗಳನ್ನು ಅಕ್ಷರದಂತೆ ಜೋಡಿಸಿದರೆ 45/1ರ ನಂತರ 45/10, 45/11, ಆಮೇಲೆ 45/2. ಜಮೀನಿನಲ್ಲಿ 45/1ರ ಬದು 45/2ಕ್ಕೆ ತಾಗಿದ್ದರೂ ಕಾಗದದಲ್ಲಿ ಅವು ಬೇರೆ ಬೇರೆ ಪುಟದಲ್ಲಿ. ಮದ್ದು ಸುಲಭ. ಸರ್ವೆ ನಂಬರನ್ನೂ ಹಿಸ್ಸಾವನ್ನೂ ಎರಡು ಕಾಲಂ ಮಾಡಿ ಎರಡನ್ನೂ ಸಂಖ್ಯೆಯಾಗಿ ಕೀ ಮಾಡಬೇಕು. ಇಲ್ಲವೇ ಮುಂದೆ ಸೊನ್ನೆ ಹಚ್ಚಿ 002, 010 ಎಂದು ಬರೆಯಬೇಕು. ದಿನಾಂಕದ್ದೂ ಇದೇ ಕತೆ. 05-08-2024 ಎಂಬುದನ್ನು ಅಕ್ಷರವಾಗಿ ಓದಿದರೆ ಅದು 30-07-2024ಕ್ಕಿಂತ ಮೊದಲು ಬರುತ್ತದೆ. ಆಗಸ್ಟ್ 5ಕ್ಕೆ ಶಿಬಿರ ಸೇರಿದವರು ಜುಲೈ 30ರ ದುರಂತಕ್ಕೆ ಮುನ್ನವೇ ಸೇರಿದಂತಾಗುತ್ತದೆ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆದರೆ ಈ ತೊಂದರೆಯಿಲ್ಲ.

ಅಂಕಿಗಳಿಗಿಂತ ಹೆಸರುಗಳು ಕಷ್ಟ. ಯೂನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಸಂಖ್ಯೆಯಿದೆ. ಬೇರೇನೂ ಹೇಳದಿದ್ದರೆ ಎಷ್ಟೋ ತಂತ್ರಾಂಶಗಳು ಆ ಸಂಖ್ಯೆಯ ಕ್ರಮದಲ್ಲೇ ಹೆಸರುಗಳನ್ನು ಜೋಡಿಸುತ್ತವೆ. ಕನ್ನಡ ವರ್ಣಮಾಲೆಯಲ್ಲಿ ಳ ಕೊನೆಯ ಅಕ್ಷರ, ಹಕಾರದ ನಂತರ. ಯೂನಿಕೋಡ್‌ನಲ್ಲಿ ಅದು ಲಕಾರದ ಬೆನ್ನಿಗೇ ಇದೆ, ವಕಾರಕ್ಕೆ ಮುನ್ನ. ಮಲಯಾಳದಲ್ಲೂ ಹೀಗೆಯೇ. ಹಾಗಾಗಿ ಶಾಲೆಯಲ್ಲಿ ಕಲಿತ ಕ್ರಮದಲ್ಲಿ ಕಾವೇರಿ ಮೊದಲು, ಕಾಳಮ್ಮ ನಂತರ. ಸಂಕೇತ ಸಂಖ್ಯೆಯ ಕ್ರಮದಲ್ಲಿ ಕಾಳಮ್ಮ ಮೊದಲು, ಕಾವೇರಿ ನಂತರ.

ಮಲಯಾಳಕ್ಕೆ ಇದರ ಮೇಲೆ ಇನ್ನೊಂದು ಸಂಕಟವಿದೆ. ಸ್ವರವಿಲ್ಲದೆ ನಿಲ್ಲುವ ನ್, ಣ್, ರ್, ಲ್, ಳ್‌ಗಳಿಗೆ ಆ ಲಿಪಿಯಲ್ಲಿ 'ಚಿಲ್ಲು' ಎಂಬ ಪ್ರತ್ಯೇಕ ರೂಪಗಳಿವೆ. ರಾಜನ್, ಕೃಷ್ಣನ್ ಮುಂತಾದ ಹೆಸರುಗಳೆಲ್ಲ ಚಿಲ್ಲಿನಲ್ಲೇ ಮುಗಿಯುತ್ತವೆ. ಮೊದಲು ಅವನ್ನು ಮೂಲಾಕ್ಷರ, ಅದರ ಸ್ವರ ಕಳೆಯುವ ಚಂದ್ರಕ್ಕಲ ಗುರುತು, ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆ ಸೇರಿಸಿ ಮೂಡಿಸುತ್ತಿದ್ದರು. 2008ರಲ್ಲಿ ಬಂದ ಯೂನಿಕೋಡ್ 5.1 ಚಿಲ್ಲುಗಳಿಗೆ ಸ್ವಂತ ಸಂಕೇತ ಕೊಟ್ಟಿತು. ಅಂದಿನಿಂದ ಒಂದೇ ಹೆಸರನ್ನು ಎರಡು ರೀತಿ ಟೈಪಿಸಬಹುದು. ತೆರೆಯ ಮೇಲೆ ಎರಡಕ್ಕೂ ಎಳ್ಳಷ್ಟೂ ವ್ಯತ್ಯಾಸ ಕಾಣದು. ಯಂತ್ರದ ಒಳಗೆ ಅವು ಬೇರೆ ಬೇರೆ ಹೆಸರುಗಳು. ಯೂನಿಕೋಡ್‌ನ ನಾರ್ಮಲೈಸೇಶನ್ ಎಂಬ, ರೂಪಭೇದ ಅಳಿಸುವ ನಿಯಮವೂ ಇವನ್ನು ಒಂದು ಮಾಡುವುದಿಲ್ಲ, ಅದಕ್ಕೆಂದೇ ಪ್ರತ್ಯೇಕ ಹೆಜ್ಜೆ ಬರೆಯಬೇಕು. ಹಳೆಯ ಕಂಪ್ಯೂಟರಿನಲ್ಲಿ ನಮೂದಾದ ರಾಜನ್ ಮತ್ತು ಹೊಸ ಫೋನಿನಲ್ಲಿ ನಮೂದಾದ ರಾಜನ್ ಪಟ್ಟಿಯಲ್ಲಿ ದೂರ ದೂರ ನಿಂತರೆ, ಎಷ್ಟು ಹೊತ್ತು ದಿಟ್ಟಿಸಿದರೂ ಕಾರಣ ಹೊಳೆಯದು.

ಮುಂಡಕ್ಕೈ, ಚೂರಲ್‌ಮಲದ ದುರಂತದಲ್ಲಿ ಕನ್ನಡದ ಮನೆಗಳೂ ಅಳಿದವು. ತೋಟದ ಕೆಲಸಕ್ಕೆಂದು ಚಾಮರಾಜನಗರದ ಕಡೆಯಿಂದ ಹೋಗಿ ನೆಲೆಸಿದವರು, ಮಂಡ್ಯ ಜಿಲ್ಲೆಯ ಬೇರಿದ್ದವರು ಮೃತರಲ್ಲಿದ್ದರು. ಸಂತ್ರಸ್ತರಿಗಾಗಿ 100 ಮನೆ ಕಟ್ಟಿಸಿಕೊಡುವುದಾಗಿ ಕರ್ನಾಟಕ ಆ ಆಗಸ್ಟಿನಲ್ಲೇ ಘೋಷಿಸಿತು. ಗುಂಡ್ಲುಪೇಟೆ ದಾಟಿ ಸುಲ್ತಾನ್ ಬತ್ತೇರಿಗೆ ಇಳಿಯುವ ದಾರಿಯಲ್ಲಿ ಜನ ಓಡಾಡಿದಷ್ಟು ಸಲೀಸಾಗಿ ಹೆಸರುಗಳು ಓಡಾಡುವುದಿಲ್ಲ. ಮಹದೇವ ಎಂಬ ಹೆಸರು ಮಲಯಾಳದ ದಾಖಲೆಯಲ್ಲಿ ಮಹಾದೇವನ್ ಆಗಬಹುದು, ಇಂಗ್ಲಿಷಿನಲ್ಲಿ ಮಾದೇವ ಆಗಬಹುದು. ನಾವು ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರವನ್ನು ಮುಂದೆ ಬರೆಯುತ್ತೇವೆ, ಕೇರಳದಲ್ಲಿ ಬಹಳ ಮಂದಿ ಕೊನೆಗೆ ಬರೆಯುತ್ತಾರೆ. ಮೊದಲಕ್ಷರವನ್ನು ಕಿತ್ತು ಬೇರೆ ಕಾಲಂನಲ್ಲಿ ಇಡದೆ ಜೋಡಿಸಿದರೆ ಎಸ್. ಮಹದೇವ ಎಂಬ ಒಬ್ಬರೇ ವ್ಯಕ್ತಿ ಒಂದು ಪಟ್ಟಿಯಲ್ಲಿ ಎಂ ಅಕ್ಷರದ ಕೆಳಗೂ ಇನ್ನೊಂದರಲ್ಲಿ ಎಸ್ ಅಕ್ಷರದ ಕೆಳಗೂ ಸೇರುತ್ತಾರೆ. ಎರಡು ರಾಜ್ಯದ ದಾಖಲೆಗಳನ್ನು ಕೂಡಿಸುವವರಿಗೆ ಹೆಸರು ಎಂದೂ ಮೊದಲ ಕೀ ಆಗಬಾರದು. ಹುಟ್ಟಿದ ದಿನಾಂಕ ಇದ್ದರೆ ನೆರವಾದೀತು ಎಂದುಕೊಂಡರೆ ಅಲ್ಲೂ ನಿರಾಸೆ. ದಿನ ತಿಳಿಯದ ಹಿರಿಯರಿಗೆ ಜನವರಿ 1 ಎಂದು ಬರೆಯುವುದು ನಮ್ಮ ದೇಶದ ವಾಡಿಕೆ. ಖಾಲಿ ಬಿಟ್ಟರೆ ಖಾಲಿಯವರೆಲ್ಲ ಪಟ್ಟಿಯ ಒಂದು ತುದಿಯಲ್ಲಿ ಗುಂಪಾಗುತ್ತಾರೆ. ಆ ತುದಿ ಮೊದಲೋ ಕೊನೆಯೋ ಎಂಬುದನ್ನೂ ನಾವೇ ಹೇಳಬೇಕು.

ಸಾಲು ಹಿಡಿಸುವುದು ಇಷ್ಟೊಂದು ಮುಖ್ಯವೇಕೆಂದರೆ, ಪಟ್ಟಿಗಳನ್ನು ಕೂಡಿಸುವ ಕ್ರಿಯೆ ಅದರ ಮೇಲೆ ನಿಂತಿದೆ. ಎರಡು ಪಟ್ಟಿಗಳೂ ಒಂದೇ ಕ್ರಮದಲ್ಲಿದ್ದರೆ ಯಂತ್ರ ಎಡಗೈ ಬೆರಳನ್ನು ಒಂದರ ಮೇಲೂ ಬಲಗೈ ಬೆರಳನ್ನು ಇನ್ನೊಂದರ ಮೇಲೂ ಇಟ್ಟುಕೊಂಡು ಕೆಳಗಿಳಿಯುತ್ತದೆ. ಹೆಸರು ಕೂಡಿದರೆ ಜೋಡಿ. ಕೂಡದಿದ್ದರೆ ಯಾವ ಬೆರಳು ಹಿಂದಿದೆಯೋ ಅದನ್ನು ಒಂದು ಸಾಲು ಮುಂದಕ್ಕೆ ಸರಿಸುತ್ತದೆ. ಲಕ್ಷಾಂತರ ದಾಖಲೆಗಳಿದ್ದರೂ ಒಂದೇ ಓದಿಗೆ ಕೆಲಸ ಮುಗಿಯುತ್ತದೆ. ಈಗ ರೇಷನ್ ಪಟ್ಟಿ ಸಂಕೇತ ಸಂಖ್ಯೆಯ ಕ್ರಮದಲ್ಲಿದೆ, ಮತದಾರರ ಪಟ್ಟಿ ವರ್ಣಮಾಲೆಯ ಕ್ರಮದಲ್ಲಿದೆ ಎಂದುಕೊಳ್ಳಿ. ಎಡ ಬೆರಳು ಕಾಳಮ್ಮನ ಮೇಲೆ, ಬಲ ಬೆರಳು ಕಾವೇರಿಯ ಮೇಲೆ. ಯಂತ್ರ ಸಂಕೇತ ಸಂಖ್ಯೆಯನ್ನು ನಂಬುತ್ತದೆ. ಬಲಗಡೆ ಕಾವೇರಿಗೆ ಬಂದಾಗಿದೆ, ಇನ್ನು ಕಾಳಮ್ಮ ಬರುವಂತಿಲ್ಲ ಎಂದು ಎಡಗಡೆಯ ಕಾಳಮ್ಮನಿಗೆ ಜೋಡಿಯಿಲ್ಲವೆಂದು ಬರೆದು ಮುಂದೆ ಹೋಗುತ್ತದೆ. ಕಾವೇರಿಗೆ ಕಾವೇರಿ ಕೂಡುತ್ತಾಳೆ. ಆಮೇಲೆ ಬಲಗಡೆ ಕಾಳಮ್ಮ ಬರುತ್ತಾಳೆ. ಎಡಗಡೆ ಆಕೆ ದಾಟಿಹೋಗಿದ್ದಾಳೆ. ಅವಳಿಗೂ ಜೋಡಿಯಿಲ್ಲ. ಎರಡೂ ಪಟ್ಟಿಯಲ್ಲಿ ಇದ್ದ ಹೆಂಗಸು ಎರಡರಲ್ಲೂ ಒಂಟಿಯಾದಳು. ಯಂತ್ರ ಕೆಂಪು ದೀಪ ತೋರಿಸುವುದಿಲ್ಲ, ಕೆಲಸ ಯಶಸ್ವಿ ಎಂದೇ ಹೇಳುತ್ತದೆ.

ಪೆಂಟಾಹೋ ಮತ್ತು ಎಸ್‌ಎಸ್‌ಐಎಸ್‌ನಲ್ಲಿ ಹೀಗೆ ಕೂಡಿಸುವ ಚೌಕಗಳು, ಒಳಬರುವ ಪಟ್ಟಿಗಳು ಮೊದಲೇ ಸಾಲು ಹಿಡಿದಿರಬೇಕೆಂದು ಬಯಸುತ್ತವೆ. ಎಸ್‌ಎಸ್‌ಐಎಸ್‌ನಲ್ಲಿ ಪಟ್ಟಿ ಜೋಡಿಸಿಯಾಗಿದೆ ಎಂದು ಒಂದು ಗುರುತು ಹಾಕುವ ಅವಕಾಶವೂ ಇದೆ. ಗುರುತು ಹಾಕಿದರೆ ಅದು ಮತ್ತೆ ಪರೀಕ್ಷಿಸುವುದಿಲ್ಲ, ನಮ್ಮ ಮಾತನ್ನು ನಂಬುತ್ತದೆ. ಸಮಯ ಉಳಿಸಲು ಈ ಗುರುತು ಹಾಕುವವರು, ಪಟ್ಟಿಯನ್ನು ಜೋಡಿಸಿದ ಡೇಟಾಬೇಸ್ ಯಾವ ಅಕ್ಷರಕ್ರಮ ಬಳಸಿತ್ತೆಂದು ತಿಳಿದಿರಲೇಬೇಕು. ದಾಖಲೆಗಳು ಮೆಮೊರಿಗೆ ಹಿಡಿಸದಿದ್ದರೆ ತಂತ್ರಾಂಶ ಅವನ್ನು ತುಂಡು ತುಂಡಾಗಿ ಜೋಡಿಸಿ ಡಿಸ್ಕಿನಲ್ಲಿಟ್ಟು ಕೊನೆಗೆ ಕೂಡಿಸುತ್ತದೆ. ಅದು ವೇಗದ ಪ್ರಶ್ನೆ, ಒಂದು ಪಂಚಾಯಿತಿಯ ಪಟ್ಟಿಗೆ ಅದರ ಚಿಂತೆ ಬೇಡ.

ಚಿಂತೆ ಬೇಕಾದದ್ದು ಜೋಡಿ ಸಿಗದವರದ್ದು. ಕೂಡಿಸುವಾಗ ಎರಡೂ ಕಡೆ ಇರುವವರನ್ನು ಮಾತ್ರ ಉಳಿಸಿಕೊಳ್ಳಬಹುದು, ಒಂದೇ ಕಡೆ ಇರುವವರನ್ನೂ ಉಳಿಸಿಕೊಳ್ಳಬಹುದು. ವಯನಾಡಿನಲ್ಲಿ ಬಿಹಾರದ ಕಾರ್ಮಿಕರೂ ಕಾಣೆಯಾದವರಲ್ಲಿದ್ದರು. ಮೇಪ್ಪಾಡಿಯ ರೇಷನ್ ಪಟ್ಟಿಯಲ್ಲಾಗಲಿ ಮತದಾರರ ಪಟ್ಟಿಯಲ್ಲಾಗಲಿ ಅಂಥವರು ಸಿಗುವುದು ಅಪರೂಪ. ಎಲ್ಲ ಪಟ್ಟಿಯಲ್ಲೂ ಇದ್ದರೆ ಮಾತ್ರ ಮನುಷ್ಯ ಎಂಬ ನಿಯಮ ಹಾಕಿದರೆ ದೂರದಿಂದ ದುಡಿಯಲು ಬಂದವರೇ ಮೊದಲು ಅಳಿಸಿಹೋಗುತ್ತಾರೆ. ಕಾರ್ಮಿಕರ ಮಾಹಿತಿಯನ್ನು ಪ್ರತ್ಯೇಕವಾಗಿ ತರಿಸಿದ್ದು ಆ ಕಾರಣಕ್ಕೇ ಬಹಳ ಸರಿಯಾದ ನಡೆ.

ಇನ್ನೊಂದು ತುದಿಯಲ್ಲಿ ಎರಡೆರಡು ಸಲ ಬಂದ ಹೆಸರುಗಳಿವೆ. 2024ರ ಡಿಸೆಂಬರಿನಲ್ಲಿ ಪುನರ್ವಸತಿಯ ಮೊದಲ ಹಂತದ ಕರಡು ಪಟ್ಟಿ ಹೊರಬಂತು. ಅದರಲ್ಲಿ 388 ಕುಟುಂಬಗಳಿದ್ದವು. ಕೆಲವು ಹೆಸರು ಮತ್ತೆ ಮತ್ತೆ ಬಂದಿವೆ, ಮನೆ ಕಳೆದುಕೊಂಡ ಕೆಲವರ ಹೆಸರೇ ಇಲ್ಲ ಎಂದು ಸಂತ್ರಸ್ತರು ಮೇಪ್ಪಾಡಿ ಪಂಚಾಯಿತಿ ಕಚೇರಿಯಲ್ಲಿ ಪ್ರತಿಭಟಿಸಿದರು. ಆಕ್ಷೇಪಣೆ ಪಡೆದು, ಪರಿಶೀಲಿಸಿ, ಮೊದಲ ಹಂತದ ಅಂತಿಮ ಪಟ್ಟಿ ಮಾಡಿದಾಗ ಅದರಲ್ಲಿ 242 ಹೆಸರಿದ್ದವು. ಪೂರ್ತಿ ನಾಶವಾಗದೆ ವಾಸಕ್ಕೆ ಯೋಗ್ಯವಲ್ಲದ ಜಾಗದಲ್ಲಿ ಉಳಿದ ಮನೆಗಳವರು ಮುಂದಿನ ಹಂತದ ಪಟ್ಟಿಗಳಿಗೆ ಹೋದರು. 2025ರ ಮಾರ್ಚ್ 27ರಂದು ಕಲ್ಪೆಟ್ಟದ ಎಲ್‌ಸ್ಟನ್ ಎಸ್ಟೇಟಿನಲ್ಲಿ ಟೌನ್‌ಶಿಪ್ಪಿಗೆ ಶಿಲಾನ್ಯಾಸವಾಯಿತು. ಒಂದು ಕುಟುಂಬಕ್ಕೆ 7 ಸೆಂಟ್ಸ್ ಜಾಗ, 1,000 ಚದರಡಿ ಮನೆ. ಪಟ್ಟಿಯ ಒಂದು ಸಾಲೆಂದರೆ ಇಷ್ಟು ಎಂದಾಗ, ಸಾಲು ಹೆಚ್ಚಾದರೂ ಕಡಿಮೆಯಾದರೂ ಜನ ಬೀದಿಗಿಳಿಯುವುದು ಸಹಜ.

ಪುನರಾವರ್ತನೆ ತೆಗೆಯಲು ತಂತ್ರಾಂಶಗಳಲ್ಲಿ ಸುಲಭದ ಗುಂಡಿಯಿದೆ. ನಾನು ಅತಿ ಹೆಚ್ಚು ಅಂಜುವುದು ಆ ಗುಂಡಿಗೆ. ಎಸ್‌ಎಸ್‌ಐಎಸ್‌ನ ಸಾರ್ಟ್ ಚೌಕದಲ್ಲೇ, ಒಂದೇ ಕೀ ಇರುವ ಸಾಲುಗಳಲ್ಲಿ ಒಂದನ್ನು ಉಳಿಸಿ ಮಿಕ್ಕವನ್ನು ತೆಗೆ ಎಂಬ ಆಯ್ಕೆ ಕೊಟ್ಟಿದ್ದಾರೆ. ಅದು ನೋಡುವುದು ಕೀಗಳನ್ನು ಮಾತ್ರ, ಉಳಿದ ಕಾಲಂಗಳನ್ನು ನೋಡುವುದಿಲ್ಲ. ವಾರ್ಡು, ಮನೆ, ಹೆಸರು ಎಂಬ ಮೂರು ಕೀ ಕೊಟ್ಟು ಗುಂಡಿ ಒತ್ತಿದರೆ ಅಜ್ಜನ ಹೆಸರನ್ನೇ ಇಟ್ಟುಕೊಂಡ ಮೊಮ್ಮಗ ಅಳಿಸಿಹೋಗುತ್ತಾನೆ. ಅಥವಾ ಅಜ್ಜ ಹೋಗುತ್ತಾನೆ. ಹಿರಿಯರ ಹೆಸರು ಇಡುವ ನಮ್ಮ ಸೀಮೆಯಲ್ಲಿ ಇದು ಪುಸ್ತಕದ ಉದಾಹರಣೆಯಲ್ಲ, ದಿನನಿತ್ಯದ ಸಂಗತಿ. ಇನ್ಫಾರ್ಮ್ಯಾಟಿಕಾ ಇದಕ್ಕೆ ಬೇರೆ ದಾರಿ ಹಿಡಿದಿದೆ. ಅಲ್ಲಿ ಪುನರಾವರ್ತನೆ ಬೇಡವೆಂದರೆ ಎಲ್ಲ ಕಾಲಂಗಳೂ ತಾವಾಗಿ ಕೀಗಳಾಗುತ್ತವೆ. ಆಗ ಅಜ್ಜ ಮೊಮ್ಮಗ ಇಬ್ಬರೂ ಉಳಿಯುತ್ತಾರೆ, ಆದರೆ ಫೋನ್ ನಂಬರಿನಲ್ಲಿ ಒಂದು ಅಂಕಿ ತಪ್ಪಾಗಿದ್ದರೂ ಒಬ್ಬರೇ ಎರಡಾಗಿ ಉಳಿಯುತ್ತಾರೆ. ಪೆಂಟಾಹೋದಲ್ಲಿ ಮೂರನೆಯ ಬಗೆ: ಅದರ ಪುನರಾವರ್ತನೆ ಚೌಕ ಅಕ್ಕಪಕ್ಕದ ಸಾಲುಗಳನ್ನು ಮಾತ್ರ ಹೋಲಿಸುತ್ತದೆ. ಮೊದಲು ಜೋಡಿಸದೆ ಅದರೊಳಗೆ ಬಿಟ್ಟರೆ ದೂರ ನಿಂತ ಪುನರಾವರ್ತನೆಗಳು ಹಾಗೆಯೇ ದಾಟಿಕೊಂಡು ಹೋಗುತ್ತವೆ.

ಒಬ್ಬರ ಹಲವು ದಾಖಲೆಗಳಲ್ಲಿ ತೀರಾ ಈಚಿನದನ್ನು ಉಳಿಸಿಕೊಳ್ಳಬೇಕಾದಾಗ ಕೆಲಸಗಾರರು ಬಳಸುವ ಕ್ರಮ ಹೀಗಿದೆ. ಮೊದಲ ಕೀ ವ್ಯಕ್ತಿಯ ಗುರುತಿನ ಸಂಖ್ಯೆ, ಏರಿಕೆ. ಎರಡನೆಯದು ದಿನಾಂಕ, ಇಳಿಕೆ. ಆಗ ಪ್ರತಿ ವ್ಯಕ್ತಿಯ ಗುಂಪಿನಲ್ಲೂ ಹೊಸ ದಾಖಲೆ ಮೇಲೆ ಬರುತ್ತದೆ. ಅದನ್ನು ಹಿಡಿದರಾಯಿತು. ಶಿಬಿರದಿಂದ ನೆಂಟರ ಮನೆಗೆ, ಅಲ್ಲಿಂದ ತಿಂಗಳಿಗೆ 6,000 ರೂಪಾಯಿ ಸರ್ಕಾರಿ ಬಾಡಿಗೆಯ ಮನೆಗೆ ಹೋದ ಕುಟುಂಬದ ಈಗಿನ ವಿಳಾಸ ಹೀಗೆ ಸಿಗುತ್ತದೆ. ಒಂದೇ ದಿನ ಎರಡು ದಾಖಲೆ ಬರೆದಿದ್ದರೆ? ಕೀಗಳು ಸಮನಾದಾಗ ಯಾರು ಮೇಲೆ ಬರುತ್ತಾರೆಂಬುದನ್ನು ಯಂತ್ರದ ಇಷ್ಟಕ್ಕೆ ಬಿಡಬಾರದು. ಇಂದು ಒಂದು, ನಾಳೆ ಇನ್ನೊಂದು ಬಂದೀತು. ಹಾಗಾಗಿ ಕೊನೆಯ ಕೀಯಾಗಿ ಎಂದೂ ಸಮನಾಗದ ಒಂದು ಕಾಲಂ, ಅರ್ಜಿ ಸಂಖ್ಯೆಯಂಥದ್ದು, ಇರಲೇಬೇಕು.

ಸಮನಾದವರ ಹಿಂದಿನ ಕ್ರಮವನ್ನು ಕೆಡಿಸದೆ ಉಳಿಸಿಕೊಳ್ಳುವ ಜೋಡಣೆಗೆ ಸ್ಥಿರ ಜೋಡಣೆ ಎನ್ನುತ್ತಾರೆ. ಇದರ ಗುಣ ಕಂಪ್ಯೂಟರಿಗಿಂತ ಹಳೆಯದು. ಹರ್ಮನ್ ಹಾಲರಿತ್ 1890ರ ಅಮೆರಿಕದ ಜನಗಣತಿಗೆ ರಂಧ್ರ ಕಾರ್ಡುಗಳ ಯಂತ್ರ ಕೊಟ್ಟ ಮೇಲೆ ಬಂದ ವಿಂಗಡಣೆ ಯಂತ್ರಗಳು ಒಂದು ಸಲಕ್ಕೆ ಒಂದೇ ಕಾಲಂ ಓದಬಲ್ಲವಾಗಿದ್ದವು. ಪ್ರತಿ ಸುತ್ತಿನಲ್ಲೂ ಹಿಂದಿನ ಕ್ರಮ ಉಳಿಯುತ್ತಿದ್ದುದರಿಂದ ಅವನ್ನು ನಡೆಸುವವರು ಕೊನೆಯ ಕೀಯಿಂದ ಆರಂಭಿಸಿ ಮೊದಲ ಕೀಗೆ ಬರುತ್ತಿದ್ದರು. ಪಂಚಾಯಿತಿಯ ಎಕ್ಸೆಲ್ ಹಾಳೆಯಲ್ಲೂ ಇದೇ ಉಪಾಯ ನಡೆಯುತ್ತದೆ. ಮೊದಲು ಹೆಸರಿನಿಂದ, ಆಮೇಲೆ ಮನೆಯಿಂದ, ಕೊನೆಗೆ ವಾರ್ಡಿನಿಂದ ಜೋಡಿಸಿದರೆ ವಾರ್ಡು, ಮನೆ, ಹೆಸರು ಎಂಬ ಕ್ರಮ ತಾನಾಗಿ ಬರುತ್ತದೆ.

ಈ ಮಾತುಗಳನ್ನೆಲ್ಲ ಬರೆಯುತ್ತಾ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಡಿಎನ್‌ಎ ಪಟ್ಟಿಯ ಕಡೆಗೆ. 2024ರ ಆಗಸ್ಟಿನಲ್ಲಿ 401 ಮಾದರಿಗಳ ಪರೀಕ್ಷೆಯಾಯಿತು. ಅವು ಪೂರ್ಣ ದೇಹಗಳದ್ದೂ ಹೌದು, ದೇಹದ ಭಾಗಗಳದ್ದೂ ಹೌದು. 52 ಮಾದರಿಗಳು ಕೆಟ್ಟುಹೋಗಿದ್ದರಿಂದ ಮತ್ತೆ ಪರೀಕ್ಷಿಸಬೇಕಾಯಿತು. ಮಿಕ್ಕ 349 ಮಾದರಿಗಳು 248 ಮಂದಿಯದ್ದೆಂದು ತಿಳಿಯಿತು: 121 ಗಂಡಸರು, 127 ಹೆಂಗಸರು. ಸಿಕ್ಕ ಕ್ರಮದಲ್ಲಿ ಸಂಖ್ಯೆ ಹಚ್ಚಿದ್ದಾಗ ಅವು 349 ಬೇರೆ ಬೇರೆ ಸಾಲುಗಳು. ಚೂರಲ್‌ಮಲದಲ್ಲಿ ಸಿಕ್ಕದ್ದು ಒಂದು ಸಂಖ್ಯೆ, ಕಿಲೋಮೀಟರುಗಟ್ಟಲೆ ಕೆಳಗೆ ಚಾಲಿಯಾರಿನಲ್ಲಿ ಸಿಕ್ಕದ್ದು ಇನ್ನೊಂದು. ಡಿಎನ್‌ಎಯನ್ನೇ ಕೀ ಮಾಡಿ ಹೊಂದಿಸಿದಾಗ ಒಬ್ಬೊಬ್ಬರ ಸಾಲುಗಳು ಒಂದೆಡೆ ಸೇರಿದವು. ಅದಕ್ಕೆ ಬಂಧುಗಳ ರಕ್ತದ ಮಾದರಿಯನ್ನು ಹೋಲಿಸಿದಾಗ ಹೆಸರು ಬಂತು. ಪುತ್ತುಮಲದಲ್ಲಿ ಬರಿಯ ಸಂಖ್ಯೆಯ ಗುರುತಿನೊಂದಿಗೆ ಮಣ್ಣು ಮಾಡಿದ್ದ ಎಷ್ಟೋ ಗೋರಿಗಳು ಹಾಗೆ ಹೆಸರು ಪಡೆದವು. ಆ ಪುತ್ತುಮಲವೇ 2019ರ ಆಗಸ್ಟ್ 8ರ ಕುಸಿತದಲ್ಲಿ 17 ಜನರನ್ನು ಕಳೆದುಕೊಂಡಿದ್ದ ಊರು. ಅವರಲ್ಲಿ ಐವರು ಸಿಗಲೇ ಇಲ್ಲ. 2025ರ ಜನವರಿಯಲ್ಲಿ, ಎಷ್ಟು ಹುಡುಕಿದರೂ ಸಿಗದ 32 ಮಂದಿಯನ್ನು ಮೃತರೆಂದು ಪರಿಗಣಿಸಲು ಕೇರಳ ಸರ್ಕಾರ ನಿರ್ಧರಿಸಿತು. ಅಧಿಕೃತ ಸಾವಿನ ಸಂಖ್ಯೆ 298 ಆಯಿತು. ದಾಖಲೆ ಜೋಡಿಸುವ ಕೆಲಸಕ್ಕೆ ಇದಕ್ಕಿಂತ ದೊಡ್ಡ ಅರ್ಥವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಒಳ್ಳೆಯ ಕೀಗಳನ್ನು ದುರಂತ ಬಂದ ಮೇಲೆ ಹುಡುಕಲಾಗದು. ವಯನಾಡು ಇದರಲ್ಲಿ ಮುಂಚೆಯೇ ಒಂದು ಹೆಜ್ಜೆ ಇಟ್ಟಿತ್ತು. ಬುಡಕಟ್ಟು ಕುಟುಂಬಗಳಿಗೆ ಮೂಲ ದಾಖಲೆ ಮಾಡಿಸಿಕೊಟ್ಟು ಡಿಜಿಲಾಕರಿನಲ್ಲಿ ಇಡುವ 'ಎಬಿಸಿಡಿ' ಎಂಬ ಅಭಿಯಾನ 2021ರ ಕೊನೆಯಲ್ಲಿ ಆರಂಭವಾಯಿತು. 64,670 ಬುಡಕಟ್ಟು ಜನರಿಗೆ ಆಧಾರ್, ರೇಷನ್ ಕಾರ್ಡ್, ಜನನ ಪ್ರಮಾಣಪತ್ರ, ಬ್ಯಾಂಕ್ ಖಾತೆ ಮೊದಲಾದ 1,42,563 ಸೇವೆಗಳು ತಲುಪಿದವು. ಮನೆ ಕೊಚ್ಚಿಹೋದರೂ ಡಿಜಿಲಾಕರಿನಲ್ಲಿರುವ ಕಾಗದ ಉಳಿಯುತ್ತದೆ. ಆದರೆ ಕೀಗಳೂ ಹಳತಾಗುತ್ತವೆ ಎಂಬುದನ್ನು ಮರೆಯಬಾರದು. 2025ರ ಸ್ಥಳೀಯ ಚುನಾವಣೆಗೆ ಮುನ್ನ ಕೇರಳದಲ್ಲಿ ವಾರ್ಡುಗಳ ಗಡಿ ಬದಲಾಯಿತು. 2024ರ ಪಟ್ಟಿಯ ವಾರ್ಡು ಸಂಖ್ಯೆಯನ್ನು ಹೊಸ ಪಟ್ಟಿಗೆ ಹಾಗೆಯೇ ಹೊಂದಿಸಲು ಹೋದರೆ ಪಿನ್ ಕೋಡಿನಲ್ಲಿ ಕಂಡ ಪಾಡೇ ಆಗುತ್ತದೆ.

ಪಟ್ಟಿ ಮಾಡುವ ಕಚೇರಿಗಳಲ್ಲಿರುವವರಲ್ಲಿ ನನ್ನ ಕೋರಿಕೆ ಇಷ್ಟು. ಕರಡು ಪಟ್ಟಿಯನ್ನು ಪ್ರಕಟಿಸುವಾಗ ಒಂದೇ ಕ್ರಮದಲ್ಲಿ ಅಂಟಿಸಬೇಡಿ. ಮನೆಯ ಪ್ರಕಾರ ಒಂದು, ಹೆಸರಿನ ಪ್ರಕಾರ ಇನ್ನೊಂದು ಅಂಟಿಸಿ. ಯಾವ ಕೀಗಳ ಮೇಲೆ ಜೋಡಿಸಿದಿರಿ ಎಂದು ಪಟ್ಟಿಯ ತಲೆಯ ಮೇಲೆ ಬರೆಯಿರಿ. ಪುನರಾವರ್ತನೆ ಎಂದು ತೆಗೆದ ಸಾಲುಗಳನ್ನು ಎಸೆಯದೆ ಪ್ರತ್ಯೇಕ ಹಾಳೆಯಲ್ಲಿ ಜನರಿಗೆ ತೋರಿಸಿ. ಓದುಗರಲ್ಲೂ ಒಂದು ಮಾತು: ಈ ವಾರ ಬಿಡುವಾದಾಗ ಮನೆಯ ಆಧಾರ್, ರೇಷನ್ ಕಾರ್ಡ್, ಮತದಾರರ ಚೀಟಿಗಳನ್ನು ಒಟ್ಟಿಗೆ ಹರಡಿ, ಪ್ರತಿಯೊಬ್ಬರ ಹೆಸರು, ಮೊದಲಕ್ಷರ, ಹುಟ್ಟಿದ ದಿನಾಂಕ ಮೂರರಲ್ಲೂ ಒಂದೇ ರೀತಿ ಇದೆಯೇ ನೋಡಿ. ಇಲ್ಲದಿದ್ದರೆ ಈಗಲೇ ತಿದ್ದಿಸಿಕೊಳ್ಳಿ.